22 ಮನೆಗಳಿಗೆ ಒಂದು ಸ್ವಿಚ್: ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟಿನ 22 ಮನೆಗಳು ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಂಚಿಕೊಳ್ಳುತ್ತವೆ. ಆರಂಭದಲ್ಲಿ ನಾನೇ ಆರಿಸಿ ಹಾಕಿಸಿದ್ದು ಯಾವ ಸೆಟ್ಟಿಂಗೂ ಇಲ್ಲದ, 24 ಪೋರ್ಟಿನ ಸಾಮಾನ್ಯ ಅನ್‌ಮ್ಯಾನೇಜ್ಡ್ ಸ್ವಿಚ್, ಅಂದರೆ ಎಲ್ಲ ಮನೆಗಳ ವೈರುಗಳನ್ನು ರೂಟರಿಗೆ ಸೇರಿಸುವ ಪೆಟ್ಟಿಗೆ. ವೈರು ಚುಚ್ಚಿದರೆ ದೀಪ ಹತ್ತುತ್ತಿತ್ತು, ಕೆಲಸ ನಡೆಯುತ್ತಿತ್ತು. ಎಂಟು ತಿಂಗಳು ಅದರ ನೆನಪೇ ಯಾರಿಗೂ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇಂಟರ್ನೆಟ್ ನಿಂತುಹೋಯಿತು, ಉಳಿದವರಿಗೆ ಏನೂ ತೊಂದರೆಯಿರಲಿಲ್ಲ. ರೂಟರನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದ್ದಾಯಿತು. ಕೊನೆಗೆ ನನ್ನ ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್ಚಿಗೇ ಜೋಡಿಸಿದಾಗ, ನಮ್ಮ ರೂಟರು ಕೊಡಬೇಕಾದ 10ರಿಂದ ಶುರುವಾಗುವ ಐಪಿ ವಿಳಾಸದ (ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಯ) ಬದಲು 192.168ರಿಂದ ಶುರುವಾಗುವ ವಿಳಾಸ ಬಂದಿತ್ತು. ಯಾರೋ ತಮ್ಮ ವೈಫೈ ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿಗೆ ಹಾಕಬೇಕಾದ ವೈರನ್ನು ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಹಾಕಿದ್ದರು. ಹಾಗೆ ಮಾಡಿದರೆ ಆ ಪುಟ್ಟ ರೂಟರು ಇಡೀ ಕಟ್ಟಡಕ್ಕೇ ಡಿಎಚ್‌ಸಿಪಿ ಸರ್ವರಾಗಿ, ಅಂದರೆ ವಿಳಾಸ ಹಂಚುವ ಯಂತ್ರವಾಗಿ, ಕೂರುತ್ತದೆ; ವಿಳಾಸ ಕೇಳಿದವರಿಗೆ ಯಾರು ಮೊದಲು ಉತ್ತರಿಸುತ್ತಾರೋ ಸಾಮಾನ್ಯವಾಗಿ ಅವರದ್ದೇ ನಡೆಯುತ್ತದೆ. ಅದು ಯಾರ ಮನೆಯೆಂದು ತಿಳಿಯಲು ಒಂದೊಂದೇ ವೈರು ಕಿತ್ತು, ಪ್ರತಿ ಸಲವೂ ಹೊಸ ವಿಳಾಸ ಕೇಳಿ ನೋಡಬೇಕಾಯಿತು. 17ನೆಯ ವೈರಿನಲ್ಲಿ ಸಿಕ್ಕಿತು.

ಹೊಸ ಸ್ವಿಚ್ ಹುಡುಕಲು ಕುಳಿತಾಗ ಪೆಟ್ಟಿಗೆಯ ಮೇಲಿನ ವೇಗದ ಅಂಕಿಗಳನ್ನು ನಾನು ಬದಿಗಿಟ್ಟೆ. 24 ಗಿಗಾಬಿಟ್ ಪೋರ್ಟುಗಳು ಎರಡೂ ದಿಕ್ಕಿನಲ್ಲಿ ಪೂರ್ತಿ ತುಂಬಿ ಹರಿದರೂ ಬೇಕಾಗುವ ಸಾಮರ್ಥ್ಯ 48 ಗಿಗಾಬಿಟ್. ನಾನು ನೋಡಿದ ಎಲ್ಲ ಮಾದರಿಗಳಲ್ಲೂ ಅಷ್ಟಿತ್ತು. ನಮ್ಮ ಸಂಪರ್ಕವೇ 500 ಮೆಗಾಬಿಟ್ ಆಗಿರುವಾಗ ರೂಟರಿನ ಕಡೆಗೆ 10 ಗಿಗಾಬಿಟ್ ಪೋರ್ಟ್ ಬೇಕೆಂಬ ವಾದದಲ್ಲಿ ಹುರುಳಿಲ್ಲ. ನನಗೆ ಬೇಕಿದ್ದದ್ದು ಒಂದು ಮನೆಯ ಎಡವಟ್ಟು ಪಕ್ಕದ ಮನೆಗೆ ತಲುಪದಂತೆ ತಡೆಯುವ ಸ್ವಿಚ್.

ಅದಕ್ಕೆ ಎರಡು ದಾರಿಗಳಿವೆ. ಮನೆಗೊಂದು ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಟ್ಟ ಜಾಲ, ಮಾಡುವುದು ಹೆಚ್ಚು ಶಿಸ್ತಿನ ದಾರಿ. ಆದರೆ ಆಗ ರೂಟರಿನಲ್ಲೂ ಮನೆಗೊಂದರಂತೆ 22 ಪ್ರತ್ಯೇಕ ಜಾಲಗಳನ್ನು ಬರೆದು ಸಾಕಬೇಕಾಗುತ್ತದೆ, ನಾನು ಊರಿನಲ್ಲಿಲ್ಲದಾಗ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಆದ್ದರಿಂದ ಪೋರ್ಟ್ ಐಸೊಲೇಷನ್ ಇರುವ ಮಾದರಿಯನ್ನು ಆರಿಸಿದೆ. ಇದರಲ್ಲಿ ಪ್ರತಿ ಮನೆಯ ಪೋರ್ಟೂ ರೂಟರಿನ ಪೋರ್ಟಿನೊಂದಿಗೆ ಮಾತ್ರ ಮಾತನಾಡಬಲ್ಲದು, ಒಂದು ಮನೆಗೆ ಇನ್ನೊಂದು ಮನೆ ಕಾಣುವುದೇ ಇಲ್ಲ. ಜೊತೆಗೆ, ಮನೆಗಳ ಪೋರ್ಟುಗಳಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಬೇಕೆಂದು ಹಟ ಹಿಡಿದೆ. ಯಾರಾದರೂ ಒಂದೇ ವೈರಿನ ಎರಡೂ ತುದಿಗಳನ್ನು ತಮ್ಮ ಮನೆಯ ಪುಟ್ಟ ಸ್ವಿಚ್ಚಿಗೆ ಚುಚ್ಚಿದರೆ ಏಳುವ ಬ್ರಾಡ್‌ಕಾಸ್ಟ್ ಬಿರುಗಾಳಿಯನ್ನು (ಎಲ್ಲರಿಗೂ ಹೋಗುವ ಸಂದೇಶಗಳು ಸುತ್ತುತ್ತಲೇ ಇದ್ದು ಜಾಲ ಕಟ್ಟಿಕೊಳ್ಳುವುದನ್ನು) ಐಸೊಲೇಷನ್ ಪೂರ್ತಿ ತಡೆಯುವುದಿಲ್ಲವಾದ್ದರಿಂದ, ಅಂಥ ಪೋರ್ಟನ್ನು ತಾನಾಗಿ ಮುಚ್ಚುವ ಲೂಪ್ ಡಿಟೆಕ್ಷನ್ ಕೂಡ ನನ್ನ ಪಟ್ಟಿಯಲ್ಲಿತ್ತು.

ಪ್ರತಿ ಪೋರ್ಟಿಗೂ ವೇಗದ ಮಿತಿ ಹಾಕುವ ಸೌಲಭ್ಯವೂ ಈ ಸ್ವಿಚ್ಚಿನಲ್ಲಿದೆ, ಆದರೆ ಅದನ್ನು ನಾನು ಬಳಸಿಲ್ಲ. ರಾತ್ರಿ ಎರಡು ಗಂಟೆಗೆ ಸಂಪರ್ಕ ಖಾಲಿ ಬಿದ್ದಿದ್ದರೂ ಅದು ಅದೇ ಮಿತಿಗೆ ಅಂಟಿಕೊಂಡಿರುತ್ತದೆ. ಹಂಚಿಕೆಯ ನ್ಯಾಯವನ್ನು ರೂಟರಿಗೆ ಬಿಡುವುದೇ ಮೇಲು. ಇಡಬೇಕಾದ ಜಾಗ ಮೆಟ್ಟಿಲ ಕೆಳಗಿನ ಕಬ್ಬಿಣದ ಪೆಟ್ಟಿಗೆಯಾದ್ದರಿಂದ ಫ್ಯಾನಿಲ್ಲದ ಮಾದರಿಯನ್ನೇ ತರಿಸಿದೆ.

ನಾನು ಲೆಕ್ಕಕ್ಕೇ ಇಟ್ಟುಕೊಂಡಿರದ ಒಂದು ಸೌಲಭ್ಯ ಮೊದಲ ವಾರವೇ ನೆರವಿಗೆ ಬಂತು. ಮೇಲಿನ ಮಹಡಿಯ ಒಂದು ಮನೆಗೆ ಎಂದೂ 100 ಮೆಗಾಬಿಟ್‌ಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಸ್ವಿಚ್ಚಿನ ಕೇಬಲ್ ಪರೀಕ್ಷೆಯನ್ನು ಒತ್ತಿದರೆ ಮೂರು ಜೋಡಿ ತಂತಿಗಳು ಸರಿ, ಒಂದು ಜೋಡಿ ಸುಮಾರು 14 ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ತೋರಿಸಿತು. ಗಿಗಾಬಿಟ್‌ಗೆ ನಾಲ್ಕೂ ಜೋಡಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಅಳೆದುಕೊಂಡು ಹೋದರೆ, ಪೈಪಿನ ತಿರುವಿನಲ್ಲಿ ವೈರು ಜಜ್ಜಿಹೋಗಿತ್ತು.

ಮುಂದೆ ಹಿಂದಿನ ಬ್ಲಾಕಿನ 8 ಮನೆಗಳೂ ಸೇರಿಕೊಂಡವು. ಎರಡು ಕಟ್ಟಡಗಳ ನಡುವೆ ತಾಮ್ರದ ವೈರು ಎಳೆದರೆ ಸಿಡಿಲಿನ ಹೊಡೆತಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆಂದು, ಫೈಬರ್ ಜೋಡಿಸಲು ಬರುವ ಎಸ್‌ಎಫ್‌ಪಿ ಪೋರ್ಟಿನಿಂದ ಫೈಬರ್ ಎಳೆಸಿದೆ. ಅಲ್ಲಿ ಒಂದು ತಪ್ಪು ಮಾಡಿದೆ: ಎರಡನೆಯ ಸ್ವಿಚ್ಚಿಗೆ ಹೋಗುವ ಪೋರ್ಟನ್ನೂ ಅಪ್‌ಲಿಂಕ್ (ರೂಟರಿನ ಕಡೆಯ ಪೋರ್ಟ್) ಎಂದು ಭಾವಿಸಿ ಐಸೊಲೇಷನ್ನಿನಿಂದ ಹೊರಗಿಟ್ಟೆ. ಎರಡು ಬ್ಲಾಕುಗಳಲ್ಲಿ ಒಂದೊಂದು ಲ್ಯಾಪ್‌ಟಾಪ್ ಇಟ್ಟು ಪಿಂಗ್ ಮಾಡಿದಾಗ (ಒಂದರಿಂದ ಇನ್ನೊಂದಕ್ಕೆ ಪರೀಕ್ಷೆಯ ಸಂದೇಶ ಕಳಿಸಿದಾಗ) ಉತ್ತರ ಬಂತು, ಬರಬಾರದಿತ್ತು. ಮುಖ್ಯ ಸ್ವಿಚ್ಚಿನ ಮಟ್ಟಿಗೆ ಆ ಪೋರ್ಟೂ ಒಂದು ಮನೆಯೇ ಎಂದು ಬದಲಿಸಿದ ಮೇಲೆ ಪಿಂಗ್ ನಿಂತಿತು.

ಕಳೆದ ತಿಂಗಳು ಒಂದು ಮನೆಯಿಂದ, ಇಂಟರ್ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂದು ಫೋನ್ ಬಂತು. ಸ್ವಿಚ್ಚಿನ ಲಾಗ್ ತೆರೆದೆ. 11ನೆಯ ಪೋರ್ಟಿನಿಂದ ಬಂದ ಡಿಎಚ್‌ಸಿಪಿ ಉತ್ತರಗಳನ್ನು ತಡೆದ ಸಾಲುಗಳು ಪುಟದ ತುಂಬ ಇದ್ದವು. ನಿಮ್ಮ ರೂಟರಿನಲ್ಲಿ ವೈರನ್ನು ಪಕ್ಕದ, ಬೇರೆ ಬಣ್ಣದ ಪೋರ್ಟಿಗೆ ಹಾಕಿ ಎಂದೆ. ಉಳಿದ ಯಾವ ಮನೆಯಿಂದಲೂ ಆ ದಿನ ಫೋನ್ ಬಂದಿರಲಿಲ್ಲ.