ಹಳೇ ಹೋಂಡಾ ಸಿಟಿ ಆಟೋಮ್ಯಾಟಿಕ್‌ಗೆ ಮನೇಲೇ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದು: ನನ್ನ ಅನುಭವ

ನನ್ನದು 2012ರ ಹೋಂಡಾ ಸಿಟಿ, ಪೆಟ್ರೋಲ್ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಓನರ್ ಅಚ್ಚುಕಟ್ಟಾದ ಮನುಷ್ಯ, ಬಿಲ್ಲುಗಳನ್ನೆಲ್ಲಾ ಒಂದು ಫೈಲಲ್ಲಿ ಹಾಕಿ ಕೊಟ್ಟಿದ್ರು, ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಪ್ಯಾಡ್ ಎಲ್ಲಾ ಇದೆ, ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ ಮಾತ್ರ ಹುಡುಕಿದ್ರೂ ಸಿಗಲಿಲ್ಲ. ಒಂದು ಗ್ಯಾರೇಜಲ್ಲಿ ಕೇಳಿದ್ರೆ "ಅದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟಕ್ಕೆ ಹೋಗ್ಬೇಡಿ" ಅಂದ್ರು. ಯಾರ ಲೈಫ್‌ಟೈಮ್, ಆಯಿಲ್‌ದಾ, ಗೇರ್‌ಬಾಕ್ಸ್‌ದಾ, ವಾರಂಟಿದಾ ಅಂತ ಕೇಳಿದ್ದಕ್ಕೆ ನಕ್ಕು ಸುಮ್ಮನಾದ್ರು. ಬಿಎಂಡಬ್ಲ್ಯೂ ಥರದ ಗಾಡಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡ್ಕೊಡೋ ಜರ್ಮನಿಯ ಝಡ್ಎಫ್ ಕಂಪನಿಯವ್ರೇ ಓಡಿಸೋ ರೀತಿ ನೋಡ್ಕೊಂಡು 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲಾಂದ್ರೆ 8 ವರ್ಷಕ್ಕೆ ಬದಲಾಯಿಸಿ ಅಂತಾರೆ. ಮಾಡಿದವರೇ ಹೀಗೆ ಹೇಳ್ತಿರುವಾಗ ನಾನು ಲೈಫ್‌ಟೈಮ್ ಮಾತನ್ನ ಪಕ್ಕಕ್ಕಿಟ್ಟೆ.

ಅದೂ ಅಲ್ದೆ ಬೆಂಗಳೂರಲ್ಲಿ ಓಡೋ ಗಾಡಿ ಇದು. ಕಿಲೋಮೀಟರ್ ಲೆಕ್ಕ ಇಲ್ಲಿ ಅಷ್ಟು ಕೆಲಸಕ್ಕೆ ಬರಲ್ಲ. ಸಿಲ್ಕ್ ಬೋರ್ಡ್ ಹತ್ರ ಗೇರ್ ಲಿವರ್ ಡಿನಲ್ಲಿ (ಡ್ರೈವ್) ಹಾಕ್ಕೊಂಡು ಬ್ರೇಕ್ ಮೇಲೆ ಕಾಲಿಟ್ಟು ನಿಂತಿದೀರ ಅನ್ಕೊಳ್ಳಿ, ಮೀಟರ್ ಒಂದಿಂಚೂ ಮುಂದೆ ಹೋಗಲ್ಲ, ಆದ್ರೆ ಎಂಜಿನ್ ಶಕ್ತೀನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ ಕಡೆ ರೆಕ್ಕೆಗಳು ಆಯಿಲನ್ನ ತಳ್ತಾನೇ ಇರ್ತವೆ, ಗೇರ್‌ಬಾಕ್ಸ್ ಕಡೆ ರೆಕ್ಕೆಗಳು ನಿಂತಿರ್ತವೆ, ಆ ಶಕ್ತಿಯೆಲ್ಲಾ ಆಯಿಲ್‌ನಲ್ಲಿ ಬಿಸಿಯಾಗೇ ಹೋಗ್ಬೇಕು. ಈ ಆಯಿಲ್ ಬರೀ ಜಾರಿಕೆಗೆ ಇರೋದಲ್ಲ, ಪ್ರೆಶರ್ ಕೊಟ್ಟು ಕ್ಲಚ್ ಹಿಡಿಸೋದೂ ಅದೇ, ಬಿಸಿ ಹೊತ್ಕೊಂಡು ಹೋಗಿ ಕೂಲರ್‌ನಲ್ಲಿ ಬಿಟ್ಟು ಬರೋದೂ ಅದೇ, ಕ್ಲಚ್ ಎಷ್ಟು ಜಾರಬೇಕು ಎಷ್ಟು ಕಚ್ಚಬೇಕು ಅನ್ನೋದಕ್ಕೆ ಬೇಕಾದ ಮಸಾಲೆ, ಅಂದ್ರೆ ಬೆರೆಸಿರೋ ರಾಸಾಯನಿಕಗಳೂ ಅದರಲ್ಲೇ ಇರತ್ತೆ. ಬಿಸಿಗೆ ಮೊದಲು ಸಾಯೋದು ಆ ಮಸಾಲೆ.

ಒಂದು ಮಾತು, ಇದು ಎಲ್ಲಾ ಹೋಂಡಾ ಸಿಟಿಗೂ ಅಲ್ಲ. 2008ರಿಂದ 2013ರವರೆಗೆ ಬಂದ ಪೆಟ್ರೋಲ್ ಸಿಟಿ ಆಟೋಮ್ಯಾಟಿಕ್‌ನಲ್ಲಿ 5 ಸ್ಪೀಡ್ ಟಾರ್ಕ್ ಕನ್ವರ್ಟರ್ ಬಾಕ್ಸ್ ಇದೆ, ಅದರ ಹಿಂದಿನ ಮಾಡೆಲ್‌ನಲ್ಲಿ ಸಿವಿಟಿ, ಅಂದ್ರೆ ಗೇರ್ ಬದಲು ಬೆಲ್ಟ್ ಮೇಲೆ ನಡೆಯೋ ಬಾಕ್ಸ್ ಬರ್ತಿತ್ತು, 2014ರ ಮಾಡೆಲ್‌ನಿಂದ ಮತ್ತೆ ಸಿವಿಟಿ. ಹೆಸರು ಒಂದೇ, ಲಿವರ್ ಮೇಲೆ ಅದೇ ಪಿ ಆರ್ ಎನ್ ಡಿ, ಒಳಗಡೆ ಬೇರೆ ಪ್ರಾಣಿ. 2014ರ ಮೇಲಿನ ಸಿವಿಟಿಗೆ ಎಚ್‌ಸಿಎಫ್-2 ಆಯಿಲ್ ಬೇಕು, ನನ್ನ ಗಾಡಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಿಡಬ್ಲ್ಯೂ-1. ಅದಲು ಬದಲು ಆದ್ರೆ ಬೆಲ್ಟೋ ಕ್ಲಚ್ಚೋ ಯಾವುದೋ ಒಂದು ಕೆಟ್ಟಂಗೇ. ಹಳೇ ಮ್ಯಾನ್ಯುಯಲ್ ಪುಸ್ತಕಗಳಲ್ಲಿ ಎಟಿಎಫ್ ಝಡ್-1 ಅಂತ ಬರೆದಿರತ್ತೆ, ಗಾಬರಿ ಆಗ್ಬೇಡಿ, 2010-11ರ ಸುಮಾರಿಗೆ ಹೋಂಡಾದವ್ರೇ ಝಡ್-1 ಜಾಗಕ್ಕೆ ಡಿಡಬ್ಲ್ಯೂ-1 ತಂದ್ರು, ಹಳೇ ಬಾಕ್ಸ್‌ಗೂ ಅದನ್ನೇ ಹಾಕೋದು. ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡೀಲಿ ಒಬ್ರು "ಇದು ಎಲ್ಲಾ ಗಾಡಿಗೂ ಆಗತ್ತೆ" ಅಂತ ಡೆಕ್ಸ್ರಾನ್-3 ಅನ್ನೋ ಬೇರೆ ಥರದ ಎಟಿಎಫ್ ಡಬ್ಬಿ ತೆಗೆದು ಕೌಂಟರ್ ಮೇಲಿಟ್ರು. ಕೆಂಪಗಿದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ, ಆ ಕೆಂಪು ಬರೀ ಬಣ್ಣ, ಲೀಕ್ ಆದ್ರೆ ಎಂಜಿನ್ ಆಯಿಲಾ ಗೇರ್‌ಬಾಕ್ಸ್ ಆಯಿಲಾ ಅಂತ ಗೊತ್ತಾಗ್ಲಿ ಅಂತ ಹಾಕಿರೋದು. ನಾನು ಕಂಪನಿ ಪಾರ್ಟ್ಸ್ ಕೌಂಟರಿಂದಲೇ ಡಿಡಬ್ಲ್ಯೂ-1 ತಗೊಂಡೆ, ಜೊತೆಗೆ ಡ್ರೇನ್ ಬೋಲ್ಟಿನ ಅಲ್ಯೂಮಿನಿಯಂ ವಾಷರ್. ವಾಷರ್ ಮೂರು ತಗೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ಮನೆ ಪಾರ್ಕಿಂಗ್ ಬೆಂಗಳೂರಿನ ಎಲ್ಲಾ ಮನೆಗಳ ಥರ ರಸ್ತೆ ಕಡೆಗೆ ಇಳಿಜಾರು, ಮಳೆ ನೀರು ಹರಿದು ಹೋಗ್ಲಿ ಅಂತ. ಆಯಿಲ್ ಇಳಿಸೋಕೆ ಅದರಿಂದ ತೊಂದ್ರೆ ಇಲ್ಲ, ಲೆವೆಲ್ ನೋಡೋಕೆ ಮಾತ್ರ ಸಮತಟ್ಟು ಬೇಕೇ ಬೇಕು, ಅದಕ್ಕೆ ಪಕ್ಕದ ಖಾಲಿ ಸೈಟಿನ ಮುಂದಿನ ಕಾಂಕ್ರೀಟ್ ಜಾಗ ನೋಡಿಟ್ಕೊಂಡಿದ್ದೆ. ಮುಂದಿನ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟೆ, ಹಿಂದಿನ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್. ಗಾಡಿ ಜೊತೆ ಬರೋ ಕತ್ತರಿ ಜಾಕ್ ಟೈರ್ ಬದಲಾಯಿಸೋಕೆ ಅಷ್ಟೇ, ಅದರ ಮೇಲೆ ನಿಂತಿರೋ ಗಾಡಿ ಕೆಳಗೆ ತಲೆ ಹಾಕೋ ಕೆಲಸ ಯಾವತ್ತೂ ಬೇಡ.

ಆಯಿಲ್ ಇಳಿಸೋಕೆ ಮುಂಚೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಸಿಗತ್ತಾ, ಹೊರಗೆ ಬರತ್ತಾ ಅಂತ ನೋಡ್ಕೊಳ್ಳಿ. ಎಂಜಿನ್ ಆಯಿಲ್ ಕಡ್ಡಿ ಥರ ಕಣ್ಣಿಗೆ ಬೀಳೋ ಜಾಗದಲ್ಲಿ ಇದು ಇಲ್ಲ, ಕೆಳಗೆ ಗೇರ್‌ಬಾಕ್ಸ್ ಮೇಲೇ ಕೂತಿರತ್ತೆ, ಟಾರ್ಚ್ ಹಿಡ್ಕೊಂಡು ಕೈ ಇಳಿಬಿಡ್ಬೇಕು. ಹೊಸ ಆಯಿಲ್ ಹಾಕೋದೂ ಅದೇ ತೂತಿಂದ. ಹಾಕೋ ದಾರಿ ತೆಗೆಯಕ್ಕೆ ಬರತ್ತೆ ಅಂತ ಖಾತ್ರಿ ಆಗದೆ ಇಳಿಸೋ ಬೋಲ್ಟ್ ಬಿಚ್ಚಿದ್ರೆ ಗಾಡಿ ಅಲ್ಲೇ ಕೂರತ್ತೆ, ಆಮೇಲೆ ಟೋ ಮಾಡೋನಿಗೆ ಫೋನ್.

ಹತ್ತು ನಿಮಿಷ ಗಾಡಿ ಓಡಿಸ್ಕೊಂಡು ಬಂದು ಆಯಿಲ್ ಬೆಚ್ಚಗೆ ಮಾಡ್ಕೊಂಡೆ. ಸುಡೋ ಬಿಸಿ ಬೇಡ, ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಇದೆ, ಕೈ ತಾಗಿದ್ರೆ ಚರ್ಮ ಬರತ್ತೆ. ಕೆಳಗೆ ಹೋದ್ರೆ ಎರಡು ಬೋಲ್ಟ್ ಕಾಣ್ತವೆ, ಇಲ್ಲೇ ಎಷ್ಟೋ ಜನ ಯಾಮಾರೋದು, ಎಂಜಿನ್ ಆಯಿಲ್ ಅನ್ಕೊಂಡು ಗೇರ್‌ಬಾಕ್ಸ್ ಖಾಲಿ ಮಾಡಿ, ಎಂಜಿನ್‌ಗೆ ಡಬಲ್ ಆಯಿಲ್ ತುಂಬಿ ಹೊರಟುಬಿಡ್ತಾರೆ. ಎಂಜಿನ್‌ದು ಮಾಮೂಲಿ ಆರು ಮೂಲೆ ತಲೆ, 17 ನಂಬರ್ ಪಾನಾ ಕೂರತ್ತೆ. ಗೇರ್‌ಬಾಕ್ಸ್‌ದು ಮುಂದಿನ ಎಡಗಡೆ ಚಕ್ರದ ಕಡೆ ಇದೆ, ಅದಕ್ಕೆ ತಲೆ ಮಧ್ಯ ಚೌಕಾಕಾರದ ಗುಂಡಿ. ಆ ಗುಂಡಿಗೆ ಯಾವ ಸಾಕೆಟ್ಟೂ ಬೇಡ, ತ್ರೀ ಬೈ ಏಯ್ಟ್ ಇಂಚಿನ ರ್‍ಯಾಚೆಟ್ ಹ್ಯಾಂಡಲ್‌ನ ಮೂತೀನೇ ಸೀದಾ ಒಳಗೆ ಕೂರತ್ತೆ. ಚೌಕ ಇದ್ರೆ ಗೇರ್‌ಬಾಕ್ಸ್, ಅಷ್ಟು ನೆನಪಿಟ್ಕೊಂಡ್ರೆ ಸಾಕು. ಗುಂಡಿಯೊಳಗೆ ಮಣ್ಣು ಗಟ್ಟಿಯಾಗಿ ಕೂತಿರತ್ತೆ, ಮೊದಲು ಚುಚ್ಚಿ ತೆಗೀರಿ, ಇಲ್ಲಾಂದ್ರೆ ಮೂತಿ ಪೂರ್ತಿ ಒಳಗೆ ಹೋಗದೆ ಮೂಲೆ ತಿಂದುಹಾಕತ್ತೆ.

ಬೋಲ್ಟ್ ಕೊನೇ ಸುತ್ತು ಬಿಚ್ಚಿದ ಕೂಡ್ಲೇ ದಪ್ಪ ಧಾರೆ ಬರತ್ತೆ, ಮೊದಲು ಒಂದಡಿ ದೂರ ಚಿಮ್ಮಿ ಆಮೇಲೆ ನೆಟ್ಟಗೆ ಆಗತ್ತೆ, ಟ್ರೇ ಅದಕ್ಕೆ ತಕ್ಕಂಗೆ ಸರಿಸ್ತಾ ಇರಬೇಕು. ನನ್ನ ಗಾಡೀಲಿ ಬಂದಿದ್ದು ಕೆಂಪಲ್ಲ, ಕಾಫಿ ಡಿಕಾಕ್ಷನ್ ಥರ ಕರೀ ಕಂದು. ಬಟ್ಟಲಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಹಿಡಿದ್ರೆ ಅಂಚಲ್ಲಿ ಮಾತ್ರ ಒಂಚೂರು ಕೆಂಪು. ಮೂಸಿ ನೋಡಿದೆ, ಹಳೇ ಎಣ್ಣೆ ವಾಸನೆ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಬೋಲ್ಟ್ ತುದೀಲಿ ಮ್ಯಾಗ್ನೆಟ್ ಇದೆ, ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಟೋಪಿ ಥರ ಕೂತಿತ್ತು. ಬೆರಳಲ್ಲಿ ತಗೊಂಡು ಉಜ್ಜಿದೆ, ನುಣ್ಣಗೆ ಜಾರ್ತು, ಎಲ್ಲೂ ಚುಚ್ಚಲಿಲ್ಲ. ಹಾಗಿದ್ರೆ ಸವೆತದ ಪುಡಿ, ಸಹಜ. ಕಣ್ಣಿಗೆ ಕಾಣೋ ಚೂರು, ಸೂಜಿ ಥರದ ತುಂಡು ಸಿಕ್ಕಿದ್ರೆ ಹೊಸ ಆಯಿಲ್ ಹಾಕಿ ಖುಷಿ ಪಡೋ ಬದಲು ಬಾಕ್ಸ್ ಬಿಚ್ಚೋರನ್ನ ಹುಡುಕ್ಬೇಕು.

ಈಗ ನಾನು ಈ ಇಡೀ ಕೆಲಸದಲ್ಲಿ ಮುಖ್ಯ ಅನ್ಕೊಂಡಿರೋ ಭಾಗ, ಅಳತೆ. ಪುಸ್ತಕದಲ್ಲಿ ಇಷ್ಟು ಲೀಟರ್ ಅಂತ ಇರತ್ತೆ, ಯಾರೋ ಇನ್ನೇನೋ ಹೇಳ್ತಾರೆ, ಗಾಡಿ ಎಷ್ಟು ವಾಲಿದೆ, ಎಷ್ಟೊತ್ತು ಇಳಿಯಕ್ಕೆ ಬಿಟ್ರಿ ಅನ್ನೋದರ ಮೇಲೆ ಬರೋದು ಹೆಚ್ಚು ಕಮ್ಮಿ ಆಗತ್ತೆ. ಹೊರಗೆ ಎಷ್ಟು ಬಂತೋ ಅಷ್ಟೇ ಒಳಗೆ ಹಾಕಿ. ಲೀಟರ್ ನೀರಿನ ಬಾಟಲಿಗಳಿಗೆ ಫನಲ್ ಇಟ್ಟು ಟ್ರೇನಲ್ಲಿದ್ದ ಆಯಿಲೆಲ್ಲಾ ತುಂಬಿಸಿ, ಆರೋಕೆ ಬಿಟ್ಟು, ಆಮೇಲೆ ಲೆಕ್ಕ ಹಾಕಿದೆ, ಬಿಸಿ ಇದ್ದಾಗ ಹಿಗ್ಗಿರತ್ತೆ ಅಲ್ವಾ. ಸುಮಾರು ಎರಡೂವರೆ ಲೀಟರ್ ಬಂತು. ಮೊದಲೇ ಲೆವೆಲ್ ಸರಿ ಇತ್ತು ಅಂತ ಡಿಪ್‌ಸ್ಟಿಕ್‌ನಲ್ಲಿ ನೋಡ್ಕೊಂಡಿದ್ದೆ, ಅದಕ್ಕೇ ಈ ಲೆಕ್ಕ ನಂಬಬಹುದು. ಮೊದಲೇ ಕಮ್ಮಿ ಇದ್ದು ನೀವು ಬಂದಷ್ಟೇ ಹಾಕಿದ್ರೆ ಮತ್ತೆ ಕಮ್ಮೀನೇ.

ಬೋಲ್ಟ್‌ಗೆ ಹೊಸ ವಾಷರ್ ಹಾಕಿ 49 ನ್ಯೂಟನ್ ಮೀಟರ್‌ಗೆ ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ. ಗೇರ್‌ಬಾಕ್ಸ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಕಬ್ಬಿಣ, ಪೈಪ್ ಸಿಗಿಸಿ ಮೈಯೆಲ್ಲಾ ಬಲ ಹಾಕಿ ತಿರುಗಿಸಿದ್ರೆ ಥ್ರೆಡ್ ಕಿತ್ತು ಬರೋದು ಕೇಸ್‌ದೇ. ನಂದಿ ಬೆಟ್ಟಕ್ಕೆ ಒಂದು ಸಲ ಹೋಗಿ ಬರೋ ಖರ್ಚಲ್ಲಿ ಒಂದು ಸಾಧಾರಣ ಟಾರ್ಕ್ ರೆಂಚ್ ಬರತ್ತೆ, ತಗೊಳ್ಳಿ.

ಹಾಕೋಕೆ ಉದ್ದ ಕತ್ತಿನ ಫನಲ್ ಜೊತೆ ಪಾರದರ್ಶಕ ಟ್ಯೂಬ್ ಬೇಕು, ತೂತು ಸಣ್ಣದು, ಆಯಿಲ್ ನಿಧಾನಕ್ಕೆ ಇಳಿಯತ್ತೆ, ಆತುರ ಮಾಡಿದ್ರೆ ಗುಳ್ಳೆ ಬಂದು ಹೊರಗೆ ಚೆಲ್ಲತ್ತೆ. ಫನಲ್ ಹೊಸದೇ ಇರಲಿ, ಎಂಜಿನ್ ಆಯಿಲ್‌ಗೆ ಬಳಸಿದ್ದು ಬೇಡ. ಡಿಪ್‌ಸ್ಟಿಕ್ ಒರೆಸೋಕೆ ಕಾಟನ್ ವೇಸ್ಟ್ ಕೂಡ ಬೇಡ, ಒಂದು ಎಳೆ ಒಳಗೆ ಹೋದ್ರೂ ಸೀದಾ ಆಯಿಲ್ ಪ್ರೆಶರ್ ಹಂಚೋ ವಾಲ್ವ್ ಬಾಡಿಯ ಸಂದಿಗೆ, ನಾನು ಕನ್ನಡಕ ಒರೆಸೋ ಬಟ್ಟೆ ಬಳಸಿದೆ.

ಆಯಿಲ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡೇ ಪಿಯಿಂದ ಆರ್, ಎನ್, ಡಿ ಅಂತ ಒಂದೊಂದರಲ್ಲೂ ಸ್ವಲ್ಪ ನಿಲ್ಲಿಸ್ತಾ ಹೋಗಿ ವಾಪಸ್ ಪಿಗೆ ತಂದೆ. ಲೆವೆಲ್ ನೋಡೋ ರೀತಿ ಹೋಂಡಾದಲ್ಲಿ ಬೇರೆ ಕಂಪನಿಗಳಿಗಿಂತ ಉಲ್ಟಾ. ಬೇರೆ ಎಷ್ಟೋ ಗಾಡೀಲಿ ಎಂಜಿನ್ ಓಡ್ತಿರುವಾಗ ನೋಡ್ಬೇಕು, ಇದರಲ್ಲಿ ಆಫ್ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಸಿ ಆಫ್ ಇಟ್ಟು, ರೇಡಿಯೇಟರ್ ಫ್ಯಾನ್ ತಾನಾಗೇ ಆನ್ ಆಗೋವರೆಗೂ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, 60 ಸೆಕೆಂಡ್ ಆದ್ಮೇಲೆ, 90 ಸೆಕೆಂಡ್ ದಾಟೋದ್ರೊಳಗೆ ಕಡ್ಡಿ ತೆಗೆದು ಒರೆಸಿ ಮತ್ತೆ ಹಾಕಿ ನೋಡ್ಬೇಕು. ಅದಕ್ಕಿಂತ ಬೇಗ ಆದ್ರೂ ತಡ ಆದ್ರೂ ಓದು ಸರಿ ಬರಲ್ಲ. ನಾನು ಮಗಳ ಕೈಗೆ ಫೋನ್ ಕೊಟ್ಟು ಸ್ಟಾಪ್‌ವಾಚ್ ಓದಿಸಿದೆ, ಅವಳು ಐವತ್ತೊಂಬತ್ತು, ಅರವತ್ತು ಅಂತ ಕೂಗಿದ ಕೂಡ್ಲೇ ನಾನು ಒಳಗೆ ಕೈ ಹಾಕೋದು. ಎರಡು ಗುರುತುಗಳ ಮಧ್ಯ, ಮೇಲಿನ ಗುರುತಿಗೆ ಹತ್ರ ಇತ್ತು. ಜಾಸ್ತಿ ಆಗಿದ್ರೆ ಹಾಗೇ ಬಿಡಬಾರದು, ತಿರುಗೋ ಗೇರುಗಳು ಆಯಿಲನ್ನ ಕಡೆದು ನೊರೆ ಮಾಡಿದ್ರೆ ಪ್ರೆಶರ್ ಬೀಳತ್ತೆ, ಮೆಡಿಕಲ್ ಶಾಪ್‌ನ ದೊಡ್ಡ ಸಿರಿಂಜ್‌ಗೆ ಟ್ಯೂಬ್ ಸಿಗಿಸಿ ಅದೇ ತೂತಿಂದ ಎಳೆದುಬಿಡಿ.

ಮೂರು ವಾಷರ್ ಯಾಕೆ ಅಂದ್ನಲ್ಲ, ಒಂದು ಸಲ ಇಳಿಸಿದ್ರೆ ಪೂರ್ತಿ ಬರಲ್ಲ, ಅರ್ಧಕ್ಕಿಂತ ಜಾಸ್ತಿ ಟಾರ್ಕ್ ಕನ್ವರ್ಟರ್, ಕ್ಲಚ್ ಡ್ರಮ್, ಕೂಲರ್ ಪೈಪುಗಳಲ್ಲೇ ಉಳಿಯತ್ತೆ. ನೂರಕ್ಕೆ ನಲವತ್ತು ಹೊರಗೆ ಬಂತು ಅಂತಿಟ್ಕೊಳ್ಳಿ, ಹಳೇದು 60 ಉಳೀತು. ಸ್ವಲ್ಪ ದಿನ ಓಡಿಸಿ, ಬೆರೆತ ಮೇಲೆ ಮತ್ತೆ ಮಾಡಿದ್ರೆ 36, ಮೂರನೇ ಸಲಕ್ಕೆ 22ರ ಹತ್ರ. ನಾಲ್ಕನೇ ಸಲ ಮಾಡಿದ್ರೂ 13ಕ್ಕೆ ಇಳಿಯತ್ತೆ ಅಷ್ಟೇ, ಚೆಲ್ಲೋ ಆಯಿಲ್‌ನಲ್ಲಿ ಹೊಸದೇ ಜಾಸ್ತಿ, ನನಗೆ ಅದು ದಂಡ ಅನ್ನಿಸ್ತು. ಮೆಷಿನ್ ಹಾಕಿ ಫ್ಲಶ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿಯತ್ತೆ ನಿಜ, ಆದ್ರೆ ಚರಿತ್ರೆ ಗೊತ್ತಿಲ್ಲದ ಹಳೇ ಬಾಕ್ಸ್‌ಗೆ ಅದನ್ನ ಮಾಡಿಸೋಕೆ ನನಗೆ ಮನಸ್ಸಿಲ್ಲ. ಈ ಹೋಂಡಾ ಬಾಕ್ಸ್‌ನಲ್ಲಿ ಬೇರೆ ಗಾಡಿಗಳ ಥರ ಕೆಳಗಿನ ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಾಯಿಸೋ ಹಾಗೂ ಇಲ್ಲ, ಒಳಗಿನ ಫಿಲ್ಟರ್‌ಗೆ ಬಾಕ್ಸನ್ನೇ ಬಿಚ್ಚಬೇಕು, ಫ್ಲಶ್ ಮಾಡಿದಾಗ ಎದ್ದ ಕಸ ಹೋಗಿ ಕೂರೋದು ಅಲ್ಲೇ. ಸ್ವಲ್ಪ ಸ್ವಲ್ಪ ಬದಲಾಯಿಸೋದು ಸೋಮಾರಿ ವಿಧಾನ, ಆದ್ರೆ ನಿದ್ದೆ ಬರತ್ತೆ.

"ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದ್ರೆ ಗೇರ್‌ಬಾಕ್ಸ್ ಹೋಗತ್ತೆ" ಅನ್ನೋ ಮಾತು ನೀವೂ ಕೇಳಿರ್ತೀರ. ಪೂರ್ತಿ ಸುಳ್ಳಲ್ಲ. ಗೇರ್ ಸ್ಲಿಪ್ ಆಗ್ತಿದೆ, ಎಂಜಿನ್ ಕೂಗತ್ತೆ ಗಾಡಿ ಎಳೆಯಲ್ಲ ಅನ್ನೋ ಸ್ಥಿತಿಗೆ ಬಂದ್ಮೇಲೆ ಜನ ಕೊನೇ ಆಸೆಗೆ ಆಯಿಲ್ ಬದಲಾಯಿಸ್ತಾರೆ, ಆ ಕ್ಲಚ್ ಪ್ಲೇಟುಗಳು ಆಗ್ಲೇ ಮುಗಿದಿರ್ತವೆ, ಮುಂದಿನ ವಾರ ಬಾಕ್ಸ್ ಮಲಗತ್ತೆ, ಅಪವಾದ ಹೊಸ ಆಯಿಲ್ ಮೇಲೆ. ಸ್ಲಿಪ್ ಇರೋ ಗಾಡಿಗೆ ಆಯಿಲ್ ಔಷಧಿ ಅಲ್ಲ.

ನನಗೆ ಸಿಕ್ಕಿದ್ದೇನು ಅಂದ್ರೆ, ಬೆಳಿಗ್ಗೆ ಮೊದಲ ಸಲ ಪಿಯಿಂದ ಆರ್‌ಗೆ ಹಾಕಿದಾಗ ಬರ್ತಿದ್ದ ಧಡಕ್ ಕಮ್ಮಿ ಆಯ್ತು, ಟ್ರಾಫಿಕ್‌ನಲ್ಲಿ ಎರಡಕ್ಕೂ ಮೂರಕ್ಕೂ ಹೋಗಿ ಬರೋವಾಗ ತಳ್ಳಿದ ಹಾಗೆ ಆಗೋದು ಹೆಚ್ಚುಕಮ್ಮಿ ನಿಂತಿದೆ. ಮೈಲೇಜ್‌ನಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ, ಜಾಸ್ತಿ ಆಯ್ತು ಅನ್ನೋರನ್ನ ನಾನು ನಂಬಲ್ಲ. ಮೊದಲ ಸಲಕ್ಕಿಂತ ಎರಡನೇ ಸಲ ಆದ್ಮೇಲೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯ್ತು.

ಹಳೇ ಆಯಿಲನ್ನ ಮೋರಿಗೆ ಬಿಡೋದು, ಖಾಲಿ ಸೈಟಿಗೆ ಸುರಿಯೋದು ಮಾಡ್ಬೇಡಿ, ನಮ್ಮಲ್ಲಿ ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರತ್ತೆ. ಅದೇ ಬಾಟಲಿಗಳ ಮುಚ್ಚಳ ಬಿಗಿ ಮಾಡಿ, ವೇಸ್ಟ್ ಆಯಿಲ್ ಡ್ರಮ್ ಇಟ್ಟಿರೋ ಗ್ಯಾರೇಜ್‌ಗೆ ಕೊಟ್ಟು ಬಂದೆ, ಅಲ್ಲಿಂದ ರೀಸೈಕ್ಲಿಂಗ್‌ನೋರು ತಗೊಂಡು ಹೋಗ್ತಾರೆ.

ಇದನ್ನ ನೋಡಿ ಎದುರು ಮನೆಯವ್ರು ತಮ್ಮ ಸೆಲೆರಿಯೋ ಆಟೋಮ್ಯಾಟಿಕ್‌ಗೂ ಮಾಡ್ಕೊಡಿ ಅಂದ್ರು. ಅದು ಎಎಂಟಿ, ಅಂದ್ರೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಗೇರ್ ಹಾಕೋದು ಮಾತ್ರ ಮೆಷಿನ್ನು, ಅದಕ್ಕೆ ಎಟಿಎಫ್ ಅಲ್ಲ ಮಾಮೂಲಿ ಗೇರ್ ಆಯಿಲ್, ಗೇರ್ ಹಾಕೋ ಹೈಡ್ರಾಲಿಕ್ಸ್‌ಗೆ ಬೇರೆ ಫ್ಲೂಯಿಡ್. ಇನ್ನೊಬ್ಬ ಫ್ರೆಂಡ್‌ದು ಇನೋವಾ ಕ್ರಿಸ್ಟಾ ಆಟೋಮ್ಯಾಟಿಕ್, ಅದು ನಿಜವಾದ ಟಾರ್ಕ್ ಕನ್ವರ್ಟರ್ರೇ, ಆಯಿಲ್ ಟೊಯೋಟಾ ಡಬ್ಲ್ಯೂಎಸ್, ಆದ್ರೆ ಡಿಪ್‌ಸ್ಟಿಕ್ ಇಲ್ಲ. ಆಯಿಲ್ ನಿಗದಿ ಉಷ್ಣತೆಗೆ ಬಂದಾಗ, ಎಂಜಿನ್ ಓಡ್ತಿರುವಾಗ, ಕೆಳಗಿನ ಓವರ್‌ಫ್ಲೋ ಬೋಲ್ಟ್ ಬಿಚ್ಚಿ ಹನಿ ಹನಿ ಬೀಳೋವರೆಗೂ ನೋಡ್ಬೇಕು, ಅದಕ್ಕೆ ಗಾಡಿ ನಾಲ್ಕೂ ಕಡೆ ಒಂದೇ ಮಟ್ಟಕ್ಕೆ ಎತ್ತಿರಬೇಕು, ಆಯಿಲ್ ಎಷ್ಟು ಡಿಗ್ರಿ ಇದೆ ಅಂತ ಓದೋ ಸ್ಕ್ಯಾನರ್ ಬೇಕು. ನನ್ನ ಹತ್ರ ಎರಡು ಜೋಡಿ ಸ್ಟ್ಯಾಂಡೂ ಇಲ್ಲ, ಸ್ಕ್ಯಾನರ್ರೂ ಇಲ್ಲ. ಲಿಫ್ಟ್ ಇರೋ ಗ್ಯಾರೇಜಿಗೆ ಹೋಗು, ಡಬ್ಲ್ಯೂಎಸ್ ಡಬ್ಬಿ ನೀನೇ ತಗೊಂಡು ಹೋಗು, ಅವ್ರು ಸುರಿಯೋವಾಗ ಪಕ್ಕದಲ್ಲೇ ನಿಂತ್ಕೋ ಅಂತ ಹೇಳಿದೀನಿ.