ವಿದೇಶದಲ್ಲಿ ಪಡೆದ ಸಾಗರ ವಿಜ್ಞಾನ ತರಬೇತಿ ನಮ್ಮ ಪ್ರಯೋಗಾಲಯದಲ್ಲಿ ನೆಲೆಗೊಳ್ಳಬೇಕಾದರೆ

ಸಾಗರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವವರಿಗೆ ಮತ್ತು ಅದನ್ನು ಮುಗಿಸಿ ಕೆಲವೇ ವರ್ಷಗಳಾದವರಿಗೆ ಬೇರೆ ದೇಶದ ಪ್ರಯೋಗಾಲಯದಲ್ಲೋ ಸಂಶೋಧನಾ ಹಡಗಿನಲ್ಲೋ ಕಲಿಯುವ ಅವಕಾಶಗಳು ಇಂದು ಹಲವು ಇವೆ. ಆದರೆ ಬಹಳಷ್ಟು ತರಬೇತಿಗಳ ಫಲ ಪ್ರಮಾಣಪತ್ರದ ಆಚೆಗೆ ಹೋಗುವುದಿಲ್ಲ. ಅಲ್ಲಿ ಬಳಸಲು ಕಲಿತ ಉಪಕರಣ ಇಲ್ಲಿರುವುದಿಲ್ಲ, ಉಪಕರಣವಿದ್ದರೂ ರಾಸಾಯನಿಕ ಸಿಗುವುದಿಲ್ಲ, ಎರಡೂ ಇದ್ದರೆ ಅಳತೆ ಸರಿಯೇ ಎಂದು ಪರೀಕ್ಷಿಸುವ ದಾರಿ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ತರಬೇತಿಯ ಸಿದ್ಧತೆಯನ್ನು ಯಾವ ದೇಶಕ್ಕೆ ಹೋಗಬೇಕು ಎಂಬಲ್ಲಿಂದ ಆರಂಭಿಸದೆ, ಹಿಂತಿರುಗಿದ ಮೇಲೆ ನಮ್ಮ ಕಡಲಿನಲ್ಲಿ ಏನನ್ನು ಅಳೆಯಬೇಕು ಎಂಬಲ್ಲಿಂದ ಆರಂಭಿಸಬೇಕು.

ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲೋ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೋ ನೀವು ಸಂಶೋಧನೆ ಮಾಡುತ್ತಿದ್ದೀರಿ ಎಂದುಕೊಳ್ಳೋಣ. ನೈಋತ್ಯ ಮುಂಗಾರಿನ ಕಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ ನೀರು ದಡದ ಕಡೆಗೆ ಮೇಲೇರುತ್ತದೆ. ಈ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರಿನ ತೆಳು ಪದರ ಹರಡಿರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯುವುದಿಲ್ಲ, ಮೇಲಿನಿಂದ ಬೀಳುವ ಸತ್ತ ಪ್ಲವಕಗಳು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಕೊಳೆಯುತ್ತಾ ಉಳಿದದ್ದನ್ನೂ ಬಳಸಿಬಿಡುತ್ತವೆ. ಮುಂಗಾರಿನ ಕೊನೆಯ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವಾಗಿ, ಕೆಲವೆಡೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕಾಣಿಸಿಕೊಳ್ಳುವುದೂ ಉಂಟು. ಮೀನುಗಾರರ ಬದುಕಿಗೆ ನೇರವಾಗಿ ತಾಗುವ ಈ ವಿಷಯವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ನಂಬಬಹುದಾದ ಆಮ್ಲಜನಕದ ಅಳತೆ ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕಗಳ ನೆರವಿನಿಂದ ಅಳೆಯುವ ಬಗೆಯೇ ವಿಂಕ್ಲರ್ ವಿಧಾನ. ನಿಮ್ಮ ತರಬೇತಿಯ ಗುರಿಯೂ ಇಷ್ಟೇ ಖಚಿತವಾಗಿರಲಿ. "ಕಡಿಮೆ ಆಮ್ಲಜನಕದ ನೀರಿನಲ್ಲಿ ವಿಂಕ್ಲರ್ ವಿಧಾನವನ್ನು ನಿಖರವಾಗಿ ಮಾಡುವುದು, ಅದರ ಆಧಾರದ ಮೇಲೆ ಸೆನ್ಸರ್ ಅಳತೆಯನ್ನು ತಿದ್ದುವುದು" ಎಂದು ಅರ್ಜಿಯಲ್ಲಿ ಬರೆದರೆ, ಅದು "ಆಧುನಿಕ ಸಾಗರ ವಿಜ್ಞಾನದ ತಂತ್ರಗಳನ್ನು ಕಲಿಯುವುದು" ಎಂಬ ಮಾತಿಗಿಂತ ಎಷ್ಟೋ ಪಾಲು ತೂಕದ್ದಾಗುತ್ತದೆ.

ಗುರಿ ಸ್ಪಷ್ಟವಾದ ಮೇಲೆ ಅವಕಾಶವನ್ನು ಹುಡುಕಿರಿ. 1999ರಲ್ಲಿ ಸ್ಥಾಪನೆಯಾದ, ಜಗತ್ತಿನ ಪ್ರಮುಖ ಸಾಗರ ಸಂಶೋಧನಾ ಸಂಸ್ಥೆಗಳ ಒಕ್ಕೂಟವಾದ ಪೋಗೊ ಮತ್ತು 1957ರಿಂದ ಕೆಲಸ ಮಾಡುತ್ತಿರುವ, ಸಾಗರ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ಸ್ಕೋರ್ ಸೇರಿ ನಡೆಸುವ ಸಂದರ್ಶಕ ಫೆಲೋಶಿಪ್ ಇಂಥ ಗುರಿಗೆ ಚೆನ್ನಾಗಿ ಹೊಂದುತ್ತದೆ. ಅದು ಅಭಿವೃದ್ಧಿಶೀಲ ದೇಶಗಳ ಯುವ ವಿಜ್ಞಾನಿಗಳನ್ನು ಒಂದರಿಂದ ಮೂರು ತಿಂಗಳ ಕಾಲ ಇನ್ನೊಂದು ದೇಶದ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಇನ್ನೂ ದೀರ್ಘವಾದ ಕಲಿಕೆಗೆ ಮಾದರಿ ಬೇಕಿದ್ದರೆ, ಜಪಾನಿನ ನಿಪ್ಪಾನ್ ಫೌಂಡೇಶನ್ ನೆರವಿನಿಂದ ಪೋಗೊ ರೂಪಿಸಿದ ಉತ್ಕೃಷ್ಟತಾ ಕೇಂದ್ರವನ್ನು ನೋಡಬಹುದು. 2008ರಲ್ಲಿ ಬರ್ಮುಡಾದಲ್ಲಿ ಆರಂಭವಾಗಿ 2013ರಲ್ಲಿ ಜರ್ಮನಿಯ ಹೆಲ್ಗೋಲ್ಯಾಂಡ್ ದ್ವೀಪಕ್ಕೆ ಸ್ಥಳಾಂತರಗೊಂಡ ಈ ಕೇಂದ್ರ, ಬೇರೆ ಬೇರೆ ದೇಶಗಳ ಹತ್ತು ಮಂದಿಯನ್ನು ಹತ್ತು ತಿಂಗಳ ಕಾಲ ಒಟ್ಟಿಗೆ ಇರಿಸಿ ಕಲಿಸಿತು. ನಿಯಮಗಳು ಮತ್ತು ಕೊನೆಯ ದಿನಾಂಕಗಳು ಬದಲಾಗುತ್ತಿರುತ್ತವೆಯಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಬೇಕು.

ಎಲ್ಲದಕ್ಕೂ ವಿಮಾನ ಹತ್ತಬೇಕಾಗಿಲ್ಲ. ಸಾಗರ ಮಾಹಿತಿ ಸೇವೆ ಒದಗಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿರುವ ಕಾರ್ಯಾಚರಣಾ ಸಾಗರ ವಿಜ್ಞಾನದ (ಕಡಲಿನ ಸ್ಥಿತಿಯನ್ನು ದಿನದಿನವೂ ಗಮನಿಸಿ ಮುನ್ಸೂಚನೆ ಕೊಡುವ ವಿಜ್ಞಾನದ) ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಯುನೆಸ್ಕೋ ಮಾನ್ಯತೆ ಪಡೆದಿದ್ದು, ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳವರೂ ಅಲ್ಲಿಗೆ ಬಂದು ಕಲಿಯುತ್ತಾರೆ. ಯುನೆಸ್ಕೋದ ಸಾಗರ ವಿಜ್ಞಾನ ಆಯೋಗ ನಡೆಸುವ ಓಶನ್‌ಟೀಚರ್ ಜಾಲದಲ್ಲಿ ದತ್ತಾಂಶ ನಿರ್ವಹಣೆಯ ಪಾಠಗಳು ಅಂತರ್ಜಾಲದಲ್ಲೇ ದೊರೆಯುತ್ತವೆ. ದತ್ತಾಂಶ ವಿಶ್ಲೇಷಣೆಯನ್ನು ಇಲ್ಲಿಯೇ ಕಲಿತುಕೊಂಡು, ಕೈಯಿಂದ ಮಾಡಿಯೇ ಕಲಿಯಬೇಕಾದದ್ದಕ್ಕೆ ಮಾತ್ರ ವಿದೇಶದ ದಿನಗಳನ್ನು ಮೀಸಲಿಡುವುದು ಜಾಣತನ.

ಆತಿಥೇಯ ಪ್ರಯೋಗಾಲಯವನ್ನು ಆರಿಸುವಾಗ ಅದರ ಹೆಸರಿಗಿಂತ ಅಲ್ಲಿ ದಿನವೂ ಆ ಕೆಲಸ ಮಾಡುವವರು ಯಾರು ಎಂಬುದನ್ನು ನೋಡಿರಿ. ಪ್ರಸಿದ್ಧ ಪ್ರಾಧ್ಯಾಪಕರು ವರ್ಷದ ಬಹುಪಾಲು ಪ್ರವಾಸದಲ್ಲಿರಬಹುದು, ನಿಮಗೆ ನಿಜವಾಗಿ ಕಲಿಸುವವರು ಅಲ್ಲಿನ ಹಿರಿಯ ತಂತ್ರಜ್ಞರು. ಮೊದಲ ಪತ್ರದಲ್ಲಿ ನಿಮ್ಮ ಪ್ರಶ್ನೆ, ಈಗಾಗಲೇ ನಿಮ್ಮ ಬಳಿ ಇರುವ ಅಳತೆಗಳು, ನಿಮ್ಮ ಪ್ರಯೋಗಾಲಯದಲ್ಲಿರುವ ಉಪಕರಣಗಳ ಮಾದರಿ ಮತ್ತು ನೀವು ಕಲಿಯಬಯಸುವ ಎರಡು ಮೂರು ಕೌಶಲಗಳನ್ನು ಒಂದು ಪುಟದಲ್ಲಿ ತಿಳಿಸಿರಿ. ನಿಮ್ಮಲ್ಲಿಲ್ಲದ, ಮುಂದಿನ ಐದು ವರ್ಷಗಳಲ್ಲಿ ಕೊಳ್ಳುವ ಸಾಧ್ಯತೆಯೂ ಇಲ್ಲದ ದುಬಾರಿ ಯಂತ್ರದ ಮೇಲೆ ತರಬೇತಿ ಕೇಳಬೇಡಿರಿ.

ಇಲ್ಲಿ ನಿಮ್ಮ ಮಾರ್ಗದರ್ಶಕರ ಪಾತ್ರ ದೊಡ್ಡದು, ಮತ್ತು ಹೆಚ್ಚಾಗಿ ಲೋಪವಾಗುವುದೂ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಶಿಫಾರಸು ಪತ್ರ ಬರೆದುಕೊಟ್ಟ ಮಾತ್ರಕ್ಕೆ ಅವರ ಹೊಣೆ ತೀರುವುದಿಲ್ಲ. ವಿದ್ಯಾರ್ಥಿ ಹಿಂತಿರುಗಿದಾಗ ಮೇಜು, ರಾಸಾಯನಿಕ, ದೋಣಿಯ ಬಾಡಿಗೆ ಮತ್ತು ಕನಿಷ್ಠ ಒಂದು ಋತುವಿನ ಮಾದರಿ ಸಂಗ್ರಹದ ಖರ್ಚು ಸಿದ್ಧವಾಗಿರುವಂತೆ ಅವರು ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳಬೇಕು. ಭಾರತದಲ್ಲಿ ಸಾಗರ ವಿಜ್ಞಾನ ಬೇರೂರಿದ ಬಗೆಯೂ ಇದನ್ನೇ ತೋರಿಸುತ್ತದೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ಸಂಗ್ರಹಿಸಿದ ಪ್ಲವಕ ಮಾದರಿಗಳನ್ನು ಯುನೆಸ್ಕೋ ನೆರವಿನಿಂದ ಕೊಚ್ಚಿಯಲ್ಲಿ ತೆರೆದ ಹಿಂದೂ ಮಹಾಸಾಗರ ಜೀವಶಾಸ್ತ್ರ ಕೇಂದ್ರಕ್ಕೆ ತರಲಾಯಿತು. ಹೊರಗಿನ ತಜ್ಞರು ಅಲ್ಲಿಗೇ ಬಂದರು, ಯುವ ಭಾರತೀಯರು ತಮ್ಮದೇ ಮೇಜಿನ ಮೇಲೆ ಆ ಮಾದರಿಗಳನ್ನು ವಿಂಗಡಿಸುತ್ತಾ ಕಲಿತರು. ಆ ಶೋಧಯಾತ್ರೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಮಾದರಿಗಳೆಲ್ಲ ಹಡಗಿನಲ್ಲೇ ಹೊರಟುಹೋಗಿದ್ದರೆ ಆ ಪರಿಣತಿಯೂ ಅವುಗಳ ಹಿಂದೆಯೇ ಹೋಗುತ್ತಿತ್ತು.

ಮಾದರಿಗಳನ್ನು ಕೊಂಡೊಯ್ಯುವುದಾದರೆ ಕಾನೂನಿನ ಕೆಲಸವನ್ನು ತಿಂಗಳುಗಳ ಮೊದಲೇ ಕೈಗೆತ್ತಿಕೊಳ್ಳಿರಿ. ಪ್ಲವಕ, ಸೂಕ್ಷ್ಮಜೀವಿ ಮುಂತಾದ ಜೈವಿಕ ಮಾದರಿಗಳನ್ನು ವಿದೇಶಿ ಸಂಸ್ಥೆಗೆ ಕೊಡುವುದು 2002ರ ಜೈವಿಕ ವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕೇ ಎಂದು ನಿಮ್ಮ ಸಂಸ್ಥೆಯ ಮೂಲಕ ಕೇಳಿ ತಿಳಿದುಕೊಳ್ಳಿರಿ. ವಿದೇಶಿ ಹಡಗೊಂದು ನಮ್ಮ 200 ನಾಟಿಕಲ್ ಮೈಲಿಯ ವಲಯದಲ್ಲಿ ಸಂಶೋಧನೆ ನಡೆಸಬೇಕಾದರೆ, ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯಂತೆ ಕನಿಷ್ಠ ಆರು ತಿಂಗಳ ಮೊದಲೇ ವಿವರ ಒದಗಿಸಿ ಒಪ್ಪಿಗೆ ಪಡೆಯಬೇಕು. ಅದೇ ಒಡಂಬಡಿಕೆ ಕರಾವಳಿ ದೇಶದ ವಿಜ್ಞಾನಿಗಳಿಗೆ ಆ ಹಡಗಿನಲ್ಲಿ ಪಾಲ್ಗೊಳ್ಳುವ ಹಕ್ಕನ್ನೂ ಕೊಟ್ಟಿದೆ. ಯುವ ಸಂಶೋಧಕರು ಅದನ್ನು ತಿಳಿದು ಕೇಳಿ ಪಡೆಯಬೇಕು.

ಹಡಗಿನ ತರಬೇತಿ ದೊರೆತರೆ ಬಿಡಬೇಡಿರಿ. ಸಾಗರಕ್ಕೆ ಕಬ್ಬಿಣ ಸೇರಿಸಿ ಪ್ಲವಕಗಳ ಬೆಳವಣಿಗೆಯನ್ನು ಪರೀಕ್ಷಿಸಿದ, ಭಾರತ ಮತ್ತು ಜರ್ಮನಿ ಸೇರಿ ನಡೆಸಿದ 2009ರ ಲೋಹಾಫೆಕ್ಸ್ ಪ್ರಯೋಗದಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಕೇಪ್‌ಟೌನ್‌ನಿಂದ ದಕ್ಷಿಣ ಸಾಗರಕ್ಕೆ ಹೊರಟಾಗ ಅದರಲ್ಲಿದ್ದ ವಿಜ್ಞಾನಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಭಾರತೀಯರಾಗಿದ್ದರು. ಹಡಗಿನಲ್ಲಿ ಕೆಲಸ ಸಾಮಾನ್ಯವಾಗಿ ಹಗಲುರಾತ್ರಿ ಪಾಳಿಗಳಲ್ಲಿ ನಡೆಯುತ್ತದೆ. ನಿಮಗೆ ಒಪ್ಪಿಸಿದ್ದು ಬಾಟಲಿ ತೊಳೆಯುವ ಕೆಲಸವೇ ಆದರೂ, ಆಳ, ಉಷ್ಣತೆ, ಉಪ್ಪಿನಂಶಗಳನ್ನು ಅಳೆಯುವ ಸಿಟಿಡಿ ಯಂತ್ರ ಮಾದರಿ ಬಾಟಲಿಗಳ ಸಮೇತ ನೀರಿಗಿಳಿಯುವಾಗ ದಾಖಲೆ ಪುಸ್ತಕ ಹಿಡಿದು ನಿಲ್ಲಲು ಅನುಮತಿ ಕೇಳಿರಿ. ಯಾವ ಆಳದಲ್ಲಿ ಯಾವ ಬಾಟಲಿ ಮುಚ್ಚಿತು, ಯಾವುದು ಸೋರಿತು ಎಂದು ಗುರುತಿಸುವ ಶಿಸ್ತು ಆ ಪುಸ್ತಕದಿಂದಲೇ ಬರುತ್ತದೆ.

ಪ್ರಯೋಗಾಲಯದಲ್ಲಿರುವಾಗ ವಿಧಾನದ ಹಂತಗಳನ್ನಷ್ಟೇ ಬರೆದುಕೊಳ್ಳದೆ, ಪ್ರತಿ ಹಂತದಲ್ಲೂ ತಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿ ದಾಖಲಿಸಿರಿ. ವಿಂಕ್ಲರ್ ವಿಧಾನದಲ್ಲಿ ನಳಿಕೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಒಂದೂ ಗುಳ್ಳೆ ಉಳಿಯದಂತೆ ನೀರು ಚೆನ್ನಾಗಿ ಉಕ್ಕಿ ಹರಿಯುವವರೆಗೂ ತುಂಬಿಸಬೇಕು. ಬಳಿಕ ಮ್ಯಾಂಗನೀಸ್ ಲವಣ ಮತ್ತು ಕ್ಷಾರೀಯ ಅಯೋಡೈಡ್ ಸೇರಿಸಿ, ಗಷ್ಟು ಇಳಿದ ಮೇಲೆ ಆಮ್ಲದಿಂದ ಕರಗಿಸಿ, ಬಿಡುಗಡೆಯಾದ ಅಯೋಡಿನ್ನನ್ನು ಥಯೋಸಲ್ಫೇಟ್‌ನಿಂದ ಅಳೆಯುತ್ತಾರೆ. ಸಾಮಾನ್ಯ ಸಮುದ್ರದ ನೀರಿನಲ್ಲಿ ಲೆಕ್ಕಕ್ಕೆ ಬಾರದ ತಪ್ಪುಗಳು ನಮ್ಮ ಕರಾವಳಿಯ ತಳದ ನೀರಿನಲ್ಲಿ ಫಲಿತಾಂಶವನ್ನೇ ಕೆಡಿಸುತ್ತವೆ. ಸೇರಿಸುವ ರಾಸಾಯನಿಕಗಳಲ್ಲೇ ಕರಗಿರುವ ಆಮ್ಲಜನಕ ಮಾದರಿಯಲ್ಲಿರುವುದಕ್ಕಿಂತ ಹೆಚ್ಚಿರಬಹುದು, ನೈಟ್ರೈಟ್ ಮತ್ತು ಸಲ್ಫೈಡ್ ಕೂಡ ಅಳತೆಯನ್ನು ತಪ್ಪಿಸುತ್ತವೆ. ಆತಿಥೇಯರು ತಣ್ಣನೆಯ, ಆಮ್ಲಜನಕ ತುಂಬಿದ ಉತ್ತರ ಸಮುದ್ರದಲ್ಲಿ ಕೆಲಸ ಮಾಡುವವರಾದರೆ ಈ ತೊಡಕುಗಳನ್ನು ತಾವಾಗಿ ಪ್ರಸ್ತಾಪಿಸಲಾರರು; ನೀವೇ ಎತ್ತಬೇಕು.

ಹೊರಡುವ ಮೊದಲು ದತ್ತಾಂಶ ಯಾರದು, ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಇಮೇಲ್ ಮೂಲಕವಾದರೂ ಸ್ಪಷ್ಟಪಡಿಸಿಕೊಳ್ಳಿರಿ. ಇದನ್ನು ಕೇಳುವುದು ಅವಿನಯವಲ್ಲ.

ಹಿಂತಿರುಗಿದ ಮೊದಲ ತಿಂಗಳಲ್ಲಿ, ನೆನಪು ಹಸಿಯಾಗಿರುವಾಗಲೇ, ಕಲಿತ ವಿಧಾನವನ್ನು ನಿಮ್ಮ ಪ್ರಯೋಗಾಲಯದ ಪರಿಸ್ಥಿತಿಗೆ ಹೊಂದಿಸಿ ಬರೆದಿಡಿರಿ: ಇಲ್ಲಿ ಸಿಗುವ ರಾಸಾಯನಿಕದ ಹೆಸರು, ಮುಂಗಾರಿನ ತೇವದಲ್ಲಿ ಅದನ್ನು ಇಡುವ ಬಗೆ, ಕರೆಂಟು ಹೋದಾಗ ಮಾಡಬೇಕಾದದ್ದು ಎಲ್ಲವೂ ಅದರಲ್ಲಿರಲಿ. ಪ್ರಯೋಗಾಲಯದ ಸಹಾಯಕರಿಗೆ ಮತ್ತು ಇಬ್ಬರು ಕಿರಿಯರಿಗೆ ಅದನ್ನು ಕನ್ನಡದಲ್ಲಿ ಕಲಿಸಿರಿ. ದೋಣಿಯಲ್ಲಿ ಬಾಟಲಿ ತುಂಬಿಸುವವರು ಅವರೇ ಆಗಿರುವುದರಿಂದ ನಿಮ್ಮ ಅಳತೆಯ ಗುಣಮಟ್ಟ ಅವರ ಕೈಯಲ್ಲಿದೆ.

ಅನಂತರ ಆತಿಥೇಯ ಪ್ರಯೋಗಾಲಯದೊಂದಿಗೆ ಹೋಲಿಕೆಯ ಪರೀಕ್ಷೆ ನಡೆಸಿರಿ. ಆಮ್ಲಜನಕದ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಲಾಗದು, ಆದರೆ ಒಂದೇ ಮೂಲದ ಪೊಟ್ಯಾಸಿಯಂ ಅಯೋಡೇಟ್ ಪ್ರಮಾಣ ದ್ರಾವಣವನ್ನು (ಪ್ರಬಲತೆ ನಿಖರವಾಗಿ ಗೊತ್ತಿರುವ ದ್ರಾವಣವನ್ನು) ಎರಡೂ ಕಡೆ ಅಳೆದು ಥಯೋಸಲ್ಫೇಟ್‌ನ ಪ್ರಬಲತೆಯನ್ನು ಹೋಲಿಸಬಹುದು. ಫಲಿತಾಂಶಗಳು ಹೊಂದದಿದ್ದರೆ ಮೊದಲು ಬ್ಯೂರೆಟ್ ಮತ್ತು ಪಿಪೆಟ್‌ಗಳ ಅಳತೆಯನ್ನು ನೀರು ತೂಗಿ ಪರೀಕ್ಷಿಸಿರಿ, ಬಳಿಕ ಥಯೋಸಲ್ಫೇಟನ್ನು ಹೊಸದಾಗಿ ತಯಾರಿಸಿರಿ. ಆಗಲೂ ವ್ಯತ್ಯಾಸ ಉಳಿದರೆ, ಕಲಿಸಿದ ತಂತ್ರಜ್ಞರನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಅವರ ಕಣ್ಣೆದುರು ಇಡೀ ವಿಧಾನವನ್ನು ಮೊದಲಿನಿಂದ ಮಾಡಿ ತೋರಿಸಿರಿ. ಈ ಹೊಂದಾಣಿಕೆ ಮುಂಗಾರಿಗೆ ಮುಂಚೆಯೇ ಮುಗಿದಿರಬೇಕು, ಏಕೆಂದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಾದರಿಗಳು ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದು ಮುಂದಿನ ವರ್ಷವೇ.