ಆಕಾಶ ನೋಡುವ ಮೊದಲು ಮೇನ್ ಸ್ವಿಚ್ ಆರಿಸಿ

ನಮ್ಮ ಗೌರಿಬಿದನೂರಿನ ಹೊರಗೆ ಖಗೋಳ ವಿಜ್ಞಾನಿಗಳು ಎರಡು ತೋಳಿನ 1000 ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿದ್ದರು. ನನ್ನ ತಾರಸಿಯ ಮೇಲಿರುವುದು ಒಂದೇ ಒಂದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ) ರೇಡಿಯೊ ಕೇಳಲು ಅಷ್ಟು ಸಾಕು. ಪ್ರಸಾರ ಮಾಡಬೇಕೆಂದರೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು; ಇಲ್ಲಿ ಹೇಳುವುದು ಕೇಳುವ ಕೆಲಸ ಮಾತ್ರ.

ಮನೆ ವೈರಿಂಗ್‌ನಲ್ಲಿ ಉಳಿದ ದಪ್ಪ ತಾಮ್ರದ ತಂತಿಯನ್ನು 52 ಸೆಂ.ಮೀ.ನ ಎರಡು ತುಂಡು ಮಾಡಿ, ಪಿವಿಸಿ ಪೈಪಿನ ತುದಿಯಲ್ಲಿ ನೆಲಕ್ಕೆ ಸಮಾನಾಂತರವಾಗಿ, 120 ಡಿಗ್ರಿ ಕೋನದಲ್ಲಿ ಕಟ್ಟಿ. ಒಂದಕ್ಕೆ ಕೇಬಲ್ಲಿನ ನಡುತಂತಿ, ಇನ್ನೊಂದಕ್ಕೆ ಹೊರಜಾಲರಿ. ಆಂಟೆನಾದ ಬುಡದಲ್ಲೇ ನ್ಯಾನೊ ವಿಎನ್‌ಎ (ಆಂಟೆನಾ ಯಾವ ಆವರ್ತನಕ್ಕೆ ಹೊಂದುತ್ತದೆಂದು ತೋರಿಸುವ ಪುಟ್ಟ ಉಪಕರಣ) ಜೋಡಿಸಿದರೆ, ಅದರ ಪರದೆಯ ಗೆರೆಯ ತಗ್ಗು, ಅಂದರೆ ಹೊಂದಿಕೆ ಚೆನ್ನಾಗಿರುವ ಜಾಗ, ನಮಗೆ ಬೇಕಾದ 145.8 ಮೆಗಾಹರ್ಟ್ಸ್‌ಗಿಂತ ಕೆಳಗೆ ಕಾಣುತ್ತದೆ. ಎರಡೂ ಕಡೆ ಅರ್ಧ ಸೆಂ.ಮೀ. ಕತ್ತರಿಸಿದರೆ ಅದು ಸುಮಾರು ಒಂದೂವರೆ ಮೆಗಾಹರ್ಟ್ಸ್ ಮೇಲೇರುತ್ತದೆ. ನನ್ನದು ಎಷ್ಟು ಕತ್ತರಿಸಿದರೂ ಸರಿಹೋಗಲಿಲ್ಲ. ಎರಡು ಸಂಜೆ ಕಳೆದ ಮೇಲೆ ಗೊತ್ತಾಯಿತು: ಅಮ್ಮ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಒಂದು ಗೇಣು ದೂರದಲ್ಲಿತ್ತು.

ಕೇಬಲ್ ರೇಡಿಯೊಗೆ ಹೊಂದುವ 50 ಓಮ್‌ನದ್ದೇ ಆಗಬೇಕು ಎಂದು ಹಟ ಹಿಡಿಯುವವರಿದ್ದಾರೆ. ನಾನು ಟಿವಿ ಡಿಶ್‌ನ 75 ಓಮ್ ಆರ್‌ಜಿ-6 ಬಳಸುತ್ತೇನೆ. ಹೊಂದಿಕೆಯಾಗದೆ ಕಳೆದುಹೋಗುವುದು 0.2 ಡೆಸಿಬೆಲ್‌ಗಿಂತ ಕಡಿಮೆ. ತೆಳ್ಳಗಿನ ಆರ್‌ಜಿ-58 ಹತ್ತು ಮೀಟರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನುಂಗುತ್ತದೆ.

ಈಗ ಮುಖ್ಯ ಪರೀಕ್ಷೆ. ಲ್ಯಾಪ್‌ಟಾಪನ್ನು ರೇಡಿಯೊ ಆಗಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ ಮೊದಲು ಆಂಟೆನಾದ ಬದಲು 50 ಓಮ್ ಡಮ್ಮಿ ಲೋಡ್ (ಬರೀ ಒಂದು ರೆಸಿಸ್ಟರ್) ಸಿಕ್ಕಿಸಿ ಗದ್ದಲದ ಮಟ್ಟ ಬರೆದುಕೊಳ್ಳಿ, ಆಮೇಲೆ ಆಂಟೆನಾ ಜೋಡಿಸಿ. ನನ್ನಲ್ಲಿ ಪರದೆಯ ತುಂಬ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳೆದ್ದವು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಟ್ಟು ಮನೆಯ ಮೇನ್ ಸ್ವಿಚ್ ಆರಿಸಿದೆ, ಗೆರೆಗಳು ಮಾಯ. ಒಂದೊಂದೇ ಸ್ವಿಚ್ ಹಾಕುತ್ತ ಹೋದಾಗ ಸಿಕ್ಕಿಬಿದ್ದದ್ದು ದೇವರ ಮನೆಯ ಎಲ್‌ಇಡಿ ದೀಪ. ನಿಲ್ದಾಣ ಹಾದುಹೋಗುವ ಹತ್ತು ನಿಮಿಷ ಎಣ್ಣೆ ದೀಪವೇ ಸಾಕೆಂದು ಅಮ್ಮ ಒಪ್ಪಿದ್ದಾರೆ.

ಉಪಗ್ರಹಗಳ ದಾರಿ ಲೆಕ್ಕಹಾಕುವ ಜಿಪ್ರೆಡಿಕ್ಟ್ ತಂತ್ರಾಂಶಕ್ಕೆ ಊರಿನ ಸ್ಥಾನ ಕೊಟ್ಟು, ಕಕ್ಷೆಯ ಮಾಹಿತಿಯನ್ನು ಅಂದೇ ನವೀಕರಿಸಿ, ನಿಲ್ದಾಣ 40 ಡಿಗ್ರಿಗಿಂತ ಮೇಲೇರುವ ಸಮಯವನ್ನು ಆರಿಸಿಕೊಳ್ಳಿ. ದಿಗಂತದಲ್ಲಿ ಅದು 2000 ಕಿ.ಮೀ.ಗೂ ಆಚೆ, ನೆತ್ತಿಯ ಮೇಲೆ ಬಂದರೆ ಬರೀ 400. ಡಿಜಿಟಲ್ ಪ್ಯಾಕೆಟ್‌ಗಳಿಗೆ (ಚುಟುಕು ದತ್ತಾಂಶ ಸಂದೇಶಗಳಿಗೆ) 145.825 ಮೆಗಾಹರ್ಟ್ಸ್‌ನಲ್ಲಿ ಕಾಯಿರಿ. ಚುರ್ರೆಂದದ್ದೆಲ್ಲ ಬಾಹ್ಯಾಕಾಶದ್ದಲ್ಲ. ಹತ್ತಿರ ಬರುವಾಗ ಸಂಕೇತದ ಆವರ್ತನ ಸುಮಾರು 3 ಕಿಲೋಹರ್ಟ್ಸ್ ಮೇಲಿದ್ದು, ಹೋಗುವಾಗ ಅಷ್ಟೇ ಕೆಳಗೆ ಜಾರಿದರೆ ಅದು ವೇಗವಾಗಿ ಓಡುವ ನಿಲ್ದಾಣದ್ದು. ಇದ್ದಲ್ಲೇ ಇದ್ದರೆ ಮತ್ತೆ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ.

ಪ್ರತಿ ಬಾರಿ ಮೊದಲ ಮತ್ತು ಕೊನೆಯ ಪ್ಯಾಕೆಟ್ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಕೇಳಿಸಿತೆಂದು ಬರೆದಿಡಿ. ನನ್ನ ಪುಸ್ತಕದಲ್ಲಿ ಈಶಾನ್ಯದ 20 ಡಿಗ್ರಿಯ ಕೆಳಗೆ ಪೂರ್ತಿ ಖಾಲಿ. ಅಲ್ಲಿ ಪಕ್ಕದ ಮನೆಯವರ ಎರಡನೇ ಮಹಡಿ ಎದ್ದಿದೆ.